ನೆನೆಯುತ್ತಿದೆ, ಮುಟ್ಟಬೇಡಿ

ರಾತ್ರಿ ಒಂದೂವರೆಗೆ ಅಡುಗೆಮನೆಯಿಂದ ಪಿಸಪಿಸ ಎಂದು ಸಣ್ಣ ಸದ್ದು ಬಂತು. ಅದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಗಂಡನಿಗೆ ಎಚ್ಚರವಾಯಿತು. ಹಿಟ್ಟಿನ ಡಬ್ಬಕ್ಕೆ ಇಲಿ ಬಿದ್ದಿದೆ ಎಂದು ತೀರ್ಮಾನಿಸಿ, ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆ ಇಡುತ್ತಾ ಹೋಗಿ ಬಾಗಿಲು ತಳ್ಳಿದ. ಇಲಿ ಇರಲಿಲ್ಲ, ಹೆಂಡತಿ ಇದ್ದಳು. ಒಲೆಯ ಮೇಲಿನ ಪುಟ್ಟ ದೀಪದ ಕೆಳಗೆ ನಿಂತು, ಹಳದಿಗಟ್ಟಿದ ಒಂದು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು ಮಂತ್ರ ಹೇಳುವಂತೆ ಹೇಳುತ್ತಿದ್ದಳು.

"ಮೊಟ್ಟೆಗೆ ತಣ್ಣೀರು, ತುಕ್ಕಿಗೆ ನಿಂಬೆ ಉಪ್ಪು, ಮೇಣಕ್ಕೆ ಮಂಜುಗಡ್ಡೆ, ಎಣ್ಣೆಗೆ ಸೀಮೆಸುಣ್ಣದ ಪುಡಿ..."

"ಯಾರಿಗೇ ಈ ಅಡುಗೆ?" ಎಂದ ಗಂಡ, ಚಪ್ಪಲಿ ಇಳಿಸದೆ.

"ಅಡುಗೆ ಅಲ್ಲ, ಪರೀಕ್ಷೆ. ನಾಳೆ ಐದು ಗಂಟೆಗೆ. ಸುಮ್ನೆ ಹೋಗಿ ಮಲ್ಕೊಳ್ಳಿ."

ಹೆಂಡತಿ ಊರಿನ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಇಸ್ತ್ರಿ ಮೇಜಿನ ಮುಂದೆ ನಿಂತೇ ಇದ್ದಳು. ಸಂಜೆ ಹೊತ್ತಿಗೆ ಅವಳ ಪಾದಗಳು ಹುದುಗು ಬಂದ ಹಿಟ್ಟಿನಂತೆ ಚಪ್ಪಲಿಯಿಂದ ಹೊರಗೆ ಉಕ್ಕುತ್ತಿದ್ದವು. ಆ ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸ ಎರಡೇ ಇದ್ದವು. ಒಂದು ಯಜಮಾನ್ತಿಯದು, ಇನ್ನೊಂದು ಕಲೆಕೋಣೆಯದು.

ಕಲೆಕೋಣೆ ಎಂದರೆ ಬಟ್ಟೆಯ ಮೇಲಿನ ಕಲೆ ತೆಗೆಯುವ ಕೋಣೆ. ಅದಕ್ಕೆ ಒಂದು ಕಿಟಕಿ ಇತ್ತು, ಸೀಸೆಗಳ ಸಾಲು ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಬೆನ್ನಿಗೆ ಒರಗು ಇರುವ ಒಂದು ಕುರ್ಚಿ ಇತ್ತು. ಅದರಲ್ಲಿ ಕೂರುತ್ತಿದ್ದ ಅಜ್ಜನನ್ನು ಎಲ್ಲರೂ ಕಲಾವಿದರು ಎನ್ನುತ್ತಿದ್ದರು. ನಲವತ್ತು ವರ್ಷ ಕಲೆಯ ನಾಶಕ್ಕಾಗಿಯೇ ದುಡಿದ ಕಲಾವಿದರು ಲೋಕದಲ್ಲಿ ಅವರೊಬ್ಬರೇ ಇದ್ದಿರಬೇಕು. ಈಗ ಅವರು ಕೆಲಸ ಬಿಟ್ಟು ಮಗಳ ಊರಿಗೆ ಹೊರಟಿದ್ದರು. ನಾಳೆ ಸಂಜೆ ಏಳರ ಬಸ್ಸಿಗೆ ಟಿಕೆಟ್ಟೂ ಆಗಿತ್ತು. ಅಷ್ಟರೊಳಗೆ ಅವರ ಕುರ್ಚಿ ಯಾರಿಗೆ ಎಂದು ಯಜಮಾನ್ತಿ ಪರೀಕ್ಷೆ ಮಾಡಿ ನಿರ್ಧರಿಸುವವಳಿದ್ದಳು. ಸ್ಪರ್ಧೆಗೆ ಇದ್ದವರು ಇಬ್ಬರು: ಇಸ್ತ್ರಿಯಕ್ಕ, ಮತ್ತು ಕಿತ್ತುಹೋದ ಗುಂಡಿಗಳನ್ನು ನಿಂತುಕೊಂಡೇ ಹೊಲಿಯುವ, ಆ ಕಾರಣಕ್ಕೇ ಗುಂಡಿ ಎಂದು ಹೆಸರು ಪಡೆದ ಬಾಯಿಬಡುಕ.

ಅಜ್ಜ ಯಾವ ಕಾಲದಲ್ಲೋ ಶಾಯಿಯಲ್ಲಿ ಬರೆದಿಟ್ಟ ಮೂವತ್ತೆರಡು ಕಲೆಗಳ ಪಟ್ಟಿಯೇ ಪಾಠ. ನಕಲು ಮಾಡಿಕೊಳ್ಳುವಂತಿಲ್ಲ, ಬಾಯಿಗೇ ಬರಬೇಕು. "ಕಲೆಕೋಣೇಲಿ ಒಂದು ಕೈಲಿ ಬ್ರಷ್ಷು, ಇನ್ನೊಂದು ಕೈಲಿ ಸೀಸೆ. ಪಟ್ಟಿ ಹಿಡಿಯೋಕೆ ಮೂರನೇ ಕೈ ನಾನು ಎಲ್ಲಿಂದ ತರ್ಲಿ?" ಎಂದು ಯಜಮಾನ್ತಿ ಖಡಾಖಂಡಿತವಾಗಿ ಹೇಳಿದ್ದಳು. ಪಟ್ಟಿ ಇದ್ದದ್ದು ಒಂದೇ. "ಮೊದಲು ನೀವೇ ಓದ್ಕೊಳ್ಳಿ ಅಕ್ಕ. ನನ್ನ ತಲೆಗೆ ಮಧ್ಯಾಹ್ನದ ಮೇಲೆ ಎರಡು ಗಂಟೆ ಸಿಕ್ಕಿದ್ರೆ ಬೇಕಾದಷ್ಟಾಯ್ತು" ಎಂದು ಗುಂಡಿ ಧಾರಾಳವಾಗಿ ಬಿಟ್ಟುಕೊಟ್ಟಿದ್ದ.

ಗಲಾಟೆಗೆ ನಾದಿನಿಯೂ ಕಣ್ಣುಜ್ಜುತ್ತಾ ಎದ್ದು ಬಂದಳು. ಅವಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಳು. ಮನೆಯಲ್ಲಿ ಯಾರು ಸೀನಿದರೂ ಅದಕ್ಕೊಂದು ಮಾನಸಿಕ ಕಾರಣ ಅವಳ ಹತ್ತಿರ ಇರುತ್ತಿತ್ತು.

"ಎಷ್ಟು ಹೊತ್ತಿಂದ ಓದ್ತಿದ್ದೀರ ಅತ್ತಿಗೆ?"

"ಒಂಬತ್ತರಿಂದ. ಹತ್ತನೇದು ಬಾಯಿಗೆ ಬಂದ್ರೆ ಮೂರನೇದು ಕೈ ಕೊಡುತ್ತೆ."

"ಕೊಡದೆ ಇನ್ನೇನು ಮಾಡುತ್ತೆ? ಸುರೀತಾನೇ ಇದ್ದೀರಿ, ನೆನೆಯೋಕೆ ಬಿಡ್ತಾನೇ ಇಲ್ಲ. ಓದಿದ ಮೇಲೆ ಹತ್ತು ನಿಮಿಷ ಕಣ್ಮುಚ್ಚಿ ಸುಮ್ನೆ ಕೂರಬೇಕು. ಮಾತು ಬೇಡ, ಕೆಲಸ ಬೇಡ, ಬೇರೆ ಯೋಚನೆನೂ ಬೇಡ. ನೀವು ಸುಮ್ನಿದ್ರೂ ಮೆದುಳು ಸುಮ್ನಿರಲ್ಲ. ಈಗ ತಾನೆ ಕಲ್ತಿದ್ದನ್ನ ಒಳಗೊಳಗೇ ಮತ್ತೆ ಆಡಿಸಿ ನೋಡಿ ಗಟ್ಟಿ ಮಾಡ್ಕೊಳ್ಳುತ್ತೆ. ನಿದ್ದೇಲೂ ಅದೇ ಕೆಲಸ. ಅಷ್ಟರೊಳಗೆ ಹೊಸದೇನಾದ್ರೂ ತುರುಕಿದ್ರೆ ಹಳೇದು ಎದ್ದು ಹೋಗುತ್ತೆ."

ಇಸ್ತ್ರಿಯಕ್ಕನಿಗೆ ಇದು ಥಟ್ಟನೆ ಅರ್ಥವಾಯಿತು. ಲಾಂಡ್ರಿಯವಳಿಗೆ ನೆನೆಸುವುದರ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೋಪು ಹಾಕಿದ ಕೂಡಲೇ ಉಜ್ಜಿದರೆ ಕೈ ನೋಯುತ್ತದೆಯೇ ಹೊರತು ಕೊಳೆ ಬಿಡುವುದಿಲ್ಲ. ಒಂದು ಗಂಟೆ ನೆನೆಯಲು ಬಿಟ್ಟರೆ ಅರ್ಧ ಕೆಲಸ ನೀರೇ ಮಾಡಿಕೊಡುತ್ತದೆ. ನೆನಪು ಎಂಬ ಮಾತಿನಲ್ಲೇ ನೆನೆಯುವುದು ಇದೆಯಲ್ಲ ಎಂದು ಅವಳು ಬೆರಗಾದಳು. ಪಟ್ಟಿಯನ್ನು ಮಡಿಸಿ ಮಲಗಿದಳು. ಬೆಳಿಗ್ಗೆ ಎದ್ದಾಗ ಹದಿನಾಲ್ಕು ಕಲೆಗಳು ತಾವಾಗಿಯೇ ನಾಲಿಗೆಯ ಮೇಲೆ ಸಾಲಾಗಿ ಕೂತಿದ್ದವು. ಉಳಿದದ್ದು ಹದಿನೆಂಟು. ಇವತ್ತು ಹತ್ತು ಹತ್ತು ನಿಮಿಷದಂತೆ ಮೂರು ಸಲ ನೆನೆದರೆ ಕುರ್ಚಿ ತನ್ನದೇ.

ಹತ್ತು ನಿಮಿಷ ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತಾದದ್ದು ಲಾಂಡ್ರಿಗೆ ಬಂದ ಮೇಲೆ.

ಹತ್ತು ಗಂಟೆಗೆ ಆರು ಕಲೆಗಳನ್ನು ಓದಿಕೊಂಡು, ನೇತುಹಾಕಿದ ಕೋಟುಗಳ ಹಿಂದೆ ಸರಿದು, ಒಂದು ಬಕೆಟ್ಟನ್ನು ಬೋರಲು ಹಾಕಿ ಕೂತು ಕಣ್ಣು ಮುಚ್ಚಿದಳು. ಒಂದು ನಿಮಿಷವೂ ಆಗಿರಲಿಲ್ಲ, ಹಣೆಯ ಮೇಲೆ ತಣ್ಣನೆಯ ಕೈ ಬಿತ್ತು. ಕಣ್ಣು ಬಿಟ್ಟರೆ ಬಟ್ಟೆ ಮಡಿಸುವ ಚಿಕ್ಕಮ್ಮ. ಈ ಚಿಕ್ಕಮ್ಮ ಲಾಂಡ್ರಿಯ ಯಾರಿಗೂ ಚಿಕ್ಕಮ್ಮನಲ್ಲ, ಆದರೆ ಎಲ್ಲರ ಸಂಸಾರವೂ ಅವಳದೇ.

"ಜ್ವರ ಇಲ್ವಲ್ಲೇ! ತಲೆ ಸುತ್ತಾ?"

"ಏನೂ ಇಲ್ಲ ಚಿಕ್ಕಮ್ಮ, ಸುಮ್ನೆ ಕೂತಿದ್ದೀನಿ."

"ಸುಮ್ನೆ ಕೂತಿದ್ದೀಯಾ?" ಚಿಕ್ಕಮ್ಮ ಗಾಬರಿಯಿಂದ ಎದೆಯ ಮೇಲೆ ಕೈಯಿಟ್ಟಳು. "ನಡು ಹಗಲಲ್ಲಿ ಹೆಂಗಸು ಸುಮ್ನೆ ಕೂರೋದು ಅಂದ್ರೇನೇ? ಗಂಡನ ಜೊತೆ ಜಗಳ ಆಯ್ತಾ? ನನ್ನ ಹತ್ರ ಮುಚ್ಚಿಡಬೇಡ."

"ಅಯ್ಯೋ, ಜಗಳ ಗಿಗಳ ಏನೂ ಇಲ್ಲ."

"ಹಾಗಾದ್ರೆ..." ಚಿಕ್ಕಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಎಷ್ಟು ತಿಂಗಳು?"

"ಚಿಕ್ಕಮ್ಮಾ! ನನಗೆ ನಲವತ್ತನಾಲ್ಕು!"

"ನಮ್ಮ ಸೊಸೆಯ ಸೋದರತ್ತೆಗೆ ನಲವತ್ತಾರಕ್ಕೆ ಅವಳಿ ಹುಟ್ಟಲಿಲ್ವಾ? ಮೊದಮೊದಲು ಅವಳೂ ಹೀಗೇ ಸುಮ್ನೆ ಕೂರ್ತಿದ್ಲು." ಅಲ್ಲಿಂದ ಮುಂದೆ ಆ ಅವಳಿಗಳ ತೂಕ, ಹೆರಿಗೆಯ ಹೊತ್ತು, ಡಾಕ್ಟರು ಬೈದದ್ದು, ಒಂದಕ್ಕೆ ಅಪ್ಪನ ಮೂಗು ಬಂದದ್ದು ಎಲ್ಲವೂ ಬಂತು. ಚಿಕ್ಕಮ್ಮ ಹೋದ ಮೇಲೆ ಇಸ್ತ್ರಿಯಕ್ಕ ತನ್ನನ್ನೇ ಪರೀಕ್ಷಿಸಿಕೊಂಡಳು. ಹದಿನೈದನೇ ಕಲೆ ಹುಲ್ಲು. ಹುಲ್ಲಿನ ಕಲೆಗೆ... ಹುಲ್ಲಿನ ಕಲೆಗೆ ಎರಡೂವರೆ ಕಿಲೋ ತೂಕದ ಅವಳಿ. ಓದಿದ್ದ ಆರರಲ್ಲಿ ಒಂದೂ ಉಳಿದಿರಲಿಲ್ಲ. ಅವಳಿಗಳು ಮಾತ್ರ ಚೆನ್ನಾಗಿ ನೆನೆದು ಗಟ್ಟಿಯಾಗಿದ್ದವು.

ಹನ್ನೊಂದೂವರೆಗೆ ಎರಡನೇ ಪ್ರಯತ್ನ. ಈ ಸಲ ಯಾರ ಕಣ್ಣಿಗೂ ಬೀಳಬಾರದೆಂದು ಹಿತ್ತಿಲ ಕಡೆಯ ಪಡಸಾಲೆಯಲ್ಲಿ ನಿಂತಿದ್ದ ಚಕ್ರದ ದೊಡ್ಡ ಗಾಡಿಯೊಳಗೆ, ಒಗೆದು ಒಣಗಿಸಿದ ಟವೆಲ್ಲುಗಳ ರಾಶಿಯ ಮೇಲೆ ಇಳಿದು ಕೂತಳು. ಎರಡು ಟವೆಲ್ಲು ತಲೆಯ ಮೇಲೂ ಎಳೆದುಕೊಂಡಳು. ಬೆಚ್ಚಗಿತ್ತು. ಕಣ್ಣ ಮುಂದೆ ಕಲೆಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಸೀಸೆಗಳ ಪಕ್ಕದಲ್ಲಿ ನಿಲ್ಲತೊಡಗಿದವು. ಗಾಡಿ ಮೆಲ್ಲನೆ ತೊಟ್ಟಿಲಿನಂತೆ ತೂಗಿತು. ಆಹಾ, ಮೆದುಳು ಆಡಿಸಿ ನೋಡುವುದೆಂದರೆ ಇದೇ ಇರಬೇಕು ಎಂದುಕೊಂಡಳು.

ಅಷ್ಟರಲ್ಲಿ ತಲೆಯ ಮೇಲಿನ ಟವೆಲ್ಲು ಎದ್ದಿತು. ಎದುರಿಗೆ ಹೋಟೆಲಿನ ಮ್ಯಾನೇಜರು ನಿಂತಿದ್ದ. ಅವನ ಪಕ್ಕದಲ್ಲಿ ಯಜಮಾನ್ತಿ, ಹಿಂದೆ ಗಾಡಿ ತಳ್ಳಿಕೊಂಡು ಬಂದಿದ್ದ ಗುಂಡಿ. ಗಾಡಿ ಇದ್ದದ್ದು ಅಂಗಡಿಯ ಮುಂಭಾಗದಲ್ಲಿ, ಗಿರಾಕಿಗಳ ನಡುವೆ.

"ಎಂಬತ್ತು ಟವೆಲ್ಲು ಅಂತ ಬಿಲ್ಲಲ್ಲಿದೆ," ಎಂದ ಮ್ಯಾನೇಜರು, ಕಾಗದ ನೋಡುತ್ತಾ. "ಇವರ ಹೆಸರು ಇಲ್ಲ."

"ನಮ್ಮಲ್ಲಿ ಹೀಗೇ ಸಾರ್," ಎಂದ ಗುಂಡಿ. "ಇಸ್ತ್ರಿ ತೃಪ್ತಿ ಆಗದಿದ್ರೆ ಇಸ್ತ್ರಿ ಮಾಡೋರನ್ನೇ ಜೊತೆಗೆ ಕಳಿಸಿಕೊಡ್ತೀವಿ."

ಗಿರಾಕಿಗಳೆಲ್ಲ ನಕ್ಕರು. ಯಜಮಾನ್ತಿ ಮಾತ್ರ ನಗಲಿಲ್ಲ. "ಒಳಗೆ ಹೋಗು," ಎಂದಳು. ಎರಡೇ ಮಾತು. ಆದರೆ ಹತ್ತು ನಿಮಿಷದಲ್ಲಿ ನೆನೆದದ್ದನ್ನೆಲ್ಲ ಒಂದೇ ಸಲಕ್ಕೆ ಹಿಂಡಿ ತೆಗೆಯಲು ಅಷ್ಟೇ ಸಾಕಾಯಿತು.

ಊಟದ ಹೊತ್ತಿಗೆ ಇಸ್ತ್ರಿಯಕ್ಕನಿಗೆ ಅಳುವೇ ಬಂದಿತ್ತು. ಎರಡು ಗಂಟೆಗೆ ಪಟ್ಟಿ ಗುಂಡಿಯ ಕೈ ಸೇರಬೇಕು. ಉಳಿದದ್ದು ಒಂದೇ ಅವಕಾಶ. ತನ್ನನ್ನು ಯಾರೂ ಮುಟ್ಟದಂತೆ, ಮಾತಾಡಿಸದಂತೆ ಮಾಡುವುದು ಹೇಗೆ? ಯೋಚಿಸುತ್ತಾ ನಿಂತವಳ ಕಣ್ಣಿಗೆ ತೊಟ್ಟಿಗಳ ಮೇಲೆ ನೇತಾಡುತ್ತಿದ್ದ ಕೆಂಪು ಚೀಟಿಗಳು ಬಿದ್ದವು.

ಆ ಚೀಟಿಗಳಿಗೆ ಲಾಂಡ್ರಿಯಲ್ಲಿ ರಾಜಮುದ್ರೆಯ ಮರ್ಯಾದೆ. "ನೆನೆಯುತ್ತಿದೆ. ಮುಟ್ಟಬೇಡಿ" ಎಂದು ಅದರಲ್ಲಿ ಅಚ್ಚಾಗಿರುತ್ತಿತ್ತು. ಅದು ನೇತಾಡುತ್ತಿರುವ ತನಕ ಯಜಮಾನ್ತಿಯೂ ಆ ತೊಟ್ಟಿಗೆ ಕೈಹಾಕುತ್ತಿರಲಿಲ್ಲ. ಇಸ್ತ್ರಿಯಕ್ಕ ಒಂದು ಚೀಟಿ ತೆಗೆದುಕೊಂಡಳು. ಹಾಸಿಗೆ ಬಟ್ಟೆಗಳ ಉಗ್ರಾಣಕ್ಕೆ ಹೋಗಿ, ಕೊನೆಯ ಹದಿನೆಂಟು ಕಲೆಗಳನ್ನು ಎರಡು ಸಲ ಓದಿ, ಪಟ್ಟಿಯನ್ನು ಮಡಿಸಿ ಏಪ್ರನ್ನಿನ ಜೇಬಿನಲ್ಲಿಟ್ಟಳು. ಏಪ್ರನ್ನನ್ನು ಬಿಚ್ಚಿ ಬಾಗಿಲ ಹೊರಗಿನ ಮೊಳೆಗೆ ತಗುಲಿಸಿ, ಬರುವವರಿಗೆಲ್ಲ ಕಾಣುವಂತೆ ಅದಕ್ಕೆ ಚೀಟಿಯನ್ನು ಪಿನ್ನು ಮಾಡಿದಳು. ಬಾಗಿಲು ಮುಂದಕ್ಕೆ ಮಾಡಿ, ಗಂಟುಗಳ ಮೇಲೆ ಒರಗಿ, ಕಣ್ಣು ಮುಚ್ಚಿದಳು.

ಚೀಟಿ ಕೆಲಸ ಮಾಡಿತು. ಚಿಕ್ಕಮ್ಮ ಬಿಸಿನೀರಿನ ಲೋಟ ಹಿಡಿದು ಹುಡುಕಿಕೊಂಡು ಬಂದಳು, ಚೀಟಿ ಓದಿದಳು, ಅಭ್ಯಾಸಬಲದಿಂದ ಹಿಂದಿರುಗಿದಳು. ಗುಂಡಿ ಪಟ್ಟಿ ಕೇಳಲು ಬಂದ, ಚೀಟಿ ಓದಿದ, ಶಿಳ್ಳೆ ಹಾಕುತ್ತಾ ಹೊರಟುಹೋದ. ಒಳಗೆ ಇಸ್ತ್ರಿಯಕ್ಕನ ತಲೆ ತಿಳಿಗೊಳದಂತಾಗಿತ್ತು. ತಳದಲ್ಲಿ ಕಲೆಗಳು ಒಂದರ ಪಕ್ಕ ಒಂದು ಸದ್ದಿಲ್ಲದೆ ಹೋಗಿ ಕೂರುತ್ತಿದ್ದವು. ಹತ್ತು ನಿಮಿಷ ನಲವತ್ತಾಯಿತು.

ಕಣ್ಣು ಬಿಟ್ಟು ಒಂದರಿಂದ ಹೇಳಿ ನೋಡಿದಳು. ಮೂವತ್ತೆರಡೂ ಬಂತು. ಕೊನೆಯಿಂದ ಹೇಳಿದಳು. ಆಗಲೂ ಬಂತು! ಕುಣಿಯಬೇಕೆನ್ನಿಸಿ ಬಾಗಿಲು ತೆರೆದರೆ, ಮೊಳೆಯ ಮೇಲೆ ಏಪ್ರನ್ ಇರಲಿಲ್ಲ.

ತೊಟ್ಟಿಗಳ ಕಡೆ ಓಡಿದಳು. ನೆನೆಸುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ತೊಟ್ಟಿಯಣ್ಣ, ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನ ತೊಟ್ಟಿಯೊಂದರ ಮೇಲೆ ಅದೇ ಕೆಂಪು ಚೀಟಿಯನ್ನು ಶ್ರದ್ಧೆಯಿಂದ ನೇತುಹಾಕುತ್ತಿದ್ದ.

"ಅಣ್ಣಾ, ನನ್ನ ಏಪ್ರನ್!"

"ಒಳಗಿದೆ ಅಕ್ಕ. ಮುಟ್ಟಬೇಡಿ, ನೆನೀತಾ ಇದೆ."

"ಯಾರು ಹಾಕು ಅಂದ್ರು ನಿಮಗೆ?"

"ಚೀಟಿ ಅಂತು. ನೆನೆಯುತ್ತಿದೆ ಅಂತ ಬರೆದಿದೆ, ಬಟ್ಟೆ ಮುಟ್ಟಿ ನೋಡಿದ್ರೆ ಗರಿಗರಿಯಾಗಿ ಒಣಗಿದೆ! ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನ್ನ ಚೀಟಿ ಒಂದು ದಿನ ಸುಳ್ಳು ಹೇಳಿಲ್ಲ ಅಕ್ಕ. ಅದಕ್ಕೆ ತಂದು ನಿಜ ಮಾಡಿದೆ."

"ನೆನೀತಿದ್ದದ್ದು ಏಪ್ರನ್ನಲ್ಲ ಮಾರಾಯ, ನಾನು!"

ತೊಟ್ಟಿಯಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀವೂ ಒಣಗೇ ಇದ್ದೀರಲ್ಲ," ಎಂದ, ಸಂಶಯದಿಂದ.

ಏಪ್ರನ್ನಿನ ಜೇಬಿನಿಂದ ಹೊರಬಂದ ಪಟ್ಟಿ ಅಂಟಿನ ಮುದ್ದೆಯಂತಿತ್ತು. ನಲವತ್ತು ವರ್ಷದ ಶಾಯಿ ಬರಹ ಸೋಡಾ ನೀರಿನಲ್ಲಿ ನೀಲಿಬಣ್ಣದ ಒಂದು ಎಳೆಯಾಗಿ ಹೋಗಿತ್ತು. "ನನ್ನ ಸರದಿ ಬರೋ ಮೊದಲೇ ಪಟ್ಟಿಗೆ ಸ್ನಾನ ಮಾಡಿಸಿಬಿಟ್ರಾ?" ಎಂದು ಗುಂಡಿ ಕೈಚೆಲ್ಲಿದ. ಯಜಮಾನ್ತಿಗೆ ಸುದ್ದಿ ಹೋಯಿತು. "ಪಟ್ಟಿ ಹೋದ್ರೆ ಹೋಗ್ಲಿ, ಪರೀಕ್ಷೆ ನಿಲ್ಲಲ್ಲ. ಅಜ್ಜನ ಬಸ್ಸು ಏಳಕ್ಕೆ," ಎಂದಳು.

ಐದು ಗಂಟೆಗೆ ಎಲ್ಲರೂ ಕಲೆಕೋಣೆಯಲ್ಲಿ ಸೇರಿದರು. ಅಜ್ಜ ಊರು ಬಿಡುವ ಮುನ್ನ ಕೊನೆಯ ಸಲ ಸೀಸೆಗಳ ಮುಂದೆ ನಿಂತಿದ್ದರು. ಪಟ್ಟಿಯಿಲ್ಲದೆ ಉತ್ತರ ಸರಿಯೋ ತಪ್ಪೋ ನೋಡುವವರು ಯಾರು?

"ಪಟ್ಟಿ ನನ್ನ ಬಾಯಿಗೆ ಯಾವತ್ತೋ ಮರೆತುಹೋಗಿದೆ ತಾಯಿ," ಎಂದರು ಅಜ್ಜ. "ಕೈಗೆ ಗೊತ್ತು. ಬಿಲ್ಲಲ್ಲಿ ಬರೆಯೋ ಕಲೆ ಹೆಸರುಗಳನ್ನ ನೀವು ಹೇಳಿ, ನನ್ನ ಕೈ ಯಾವ ಸೀಸೆಗೆ ಹೋಗುತ್ತೋ ಅದೇ ಸರಿ."

ಮೊದಲು ಗುಂಡಿ. ಅವನು ಹಿಂದೆ ಯಾವಾಗಲೋ ಕಿವಿಗೆ ಬಿದ್ದದ್ದನ್ನೆಲ್ಲ ಸೇರಿಸಿ ಆರು ಹೇಳಿದ, ಮೂರು ಸರಿಯಾಯಿತು. "ಪಟ್ಟಿ ನೋಡದೇನೇ ಮೂರು ಅಂದ್ರೆ ನೋಡಿದ್ರೆ ಎಷ್ಟಾಗ್ತಿತ್ತು ಲೆಕ್ಕ ಹಾಕಿ," ಎಂದು ಹಿಂದೆ ಸರಿದ.

ಇಸ್ತ್ರಿಯಕ್ಕ ಮುಂದೆ ಬಂದಳು. ಯಜಮಾನ್ತಿ "ರಕ್ತ" ಎಂದಳು. "ತಣ್ಣೀರು, ಉಪ್ಪು." ಅಜ್ಜನ ಕೈ ಉಪ್ಪಿನ ಜಾಡಿಗೆ ಹೋಯಿತು. "ತುಕ್ಕು." "ನಿಂಬೆ ಉಪ್ಪು." ಕೈ ಅಲ್ಲಿಗೆ. "ಚಹಾ." "ಗ್ಲಿಸರಿನ್." ಹತ್ತು, ಹದಿನೈದು, ಇಪ್ಪತ್ತು. ಹೆಂಗಸಿನ ಬಾಯಿ, ಮುದುಕನ ಕೈ ಒಂದೇ ದೇಹದವು ಎನ್ನಿಸುವಂತೆ ನಡೆಯಿತು. ಇಪ್ಪತ್ತೇಳಕ್ಕೆ ಒಮ್ಮೆ ತಡೆಯಿತು. ಅವಳು ಕಣ್ಣು ಮುಚ್ಚಿದಳು. ತಿಳಿಗೊಳದ ತಳದಿಂದ ಅದು ತಾನಾಗಿಯೇ ಮೇಲೆ ಬಂತು. ಮೂವತ್ತೆರಡೂ ಮುಗಿದಾಗ ಚಿಕ್ಕಮ್ಮ ಕಣ್ಣೊರೆಸಿಕೊಂಡು "ಇಂಥ ಹೊತ್ತಲ್ಲೂ ಎಷ್ಟು ಚೆನ್ನಾಗಿ ಹೇಳಿದ್ಲು ನೋಡಿ, ಎರಡು ಜೀವದವಳು," ಎಂದಳು.

"ಕುರ್ಚಿ ನಿಂದೇ, ಕೂತ್ಕೋ," ಎಂದಳು ಯಜಮಾನ್ತಿ.

ಇಸ್ತ್ರಿಯಕ್ಕ ಕೂತಳು. ಒರಗಿಗೆ ಬೆನ್ನು ತಾಗಿತು. ಹನ್ನೊಂದು ವರ್ಷದ ನಿಲುವು ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿಂದ ಹಿಮ್ಮಡಿಗೆ ಇಳಿದು ನೆಲಕ್ಕೆ ಹರಿದುಹೋಯಿತು. ಅಷ್ಟಕ್ಕೇ ಮುಗಿದಿದ್ದರೆ ಈ ಕತೆಯನ್ನು ಹೇಳಬೇಕಾಗಿಯೇ ಇರಲಿಲ್ಲ.

"ಅದಿರ್ಲಿ, ಹೇಗೆ ಸಾಧ್ಯ ಆಯ್ತು?" ಎಂದು ಯಜಮಾನ್ತಿ ಕೇಳಿದಳು. "ನನಗೆ ಗಿರಾಕಿಗಳ ಹೆಸರೇ ನೆನಪಿರಲ್ಲ."

ಇಸ್ತ್ರಿಯಕ್ಕನಿಗೆ ಜೀವನದಲ್ಲಿ ಮೊದಲ ಬಾರಿಗೆ ಯಾರೋ ವಿದ್ವತ್ತಿನ ಪ್ರಶ್ನೆ ಕೇಳಿದ್ದರು. ಸುಮ್ಮನಿರಲು ಆದೀತೇ? ನಾದಿನಿಯ ಮಾತನ್ನು ಒಂದಕ್ಷರ ಬಿಡದೆ, ಕೈಬಾಯಿ ತಿರುಗಿಸಿ ವಿವರಿಸಿದಳು. "ಕಲಿತ ತಕ್ಷಣ ಸುಮ್ನೆ ಕೂರಬೇಕು ಅಮ್ಮಾವ್ರೆ. ಕೂತಾಗ ಮೆದುಳು ಅದನ್ನ ನೆನೆಸಿ ಗಟ್ಟಿ ಮಾಡುತ್ತೆ. ನಿಂತು ದುಡೀತಾ ಇದ್ರೆ ಏನೂ ಅಂಟಲ್ಲ."

ಯಜಮಾನ್ತಿ ಗಂಭೀರವಾದಳು. ಅವಳು ಯಾವ ಮಾತನ್ನೂ ಹಾಗೇ ಬಿಡುವವಳಲ್ಲ, ಹಿಂಡಿ ನೋಡುವವಳು. "ಅಂದ್ರೆ, ಕಲಿಯೋರು ಕೂರಲೇಬೇಕು?"

"ಕೂರಲೇಬೇಕು ಅಮ್ಮಾವ್ರೆ."

"ಕಲ್ತು ಮುಗಿದೋರು?"

"ಕಲ್ತು ಮುಗಿದೋರಿಗೆ ಏನು? ಅವರಿಗೆ ಗಟ್ಟಿಯಾಗಿಬಿಟ್ಟಿರುತ್ತೆ. ಅವರು ನಿಂತ್ರೂ ಒಂದೇ, ಕೂತ್ರೂ ಒಂದೇ."

"ಹಾಗಾದ್ರೆ ಏಳು," ಎಂದಳು ಯಜಮಾನ್ತಿ.

"ಹಾಂ?"

"ನಿನಗೆ ಗಟ್ಟಿಯಾಗಿದೆ. ಪಟ್ಟಿ ನೀರುಪಾಲು, ಅಜ್ಜ ಇನ್ನೊಂದೂವರೆ ಗಂಟೇಲಿ ಬಸ್ಸು ಪಾಲು. ನಾಳೆ ನಿನಗೇನಾದ್ರೂ ಆದ್ರೆ," ಎಂದು ಅವಳು ಇಸ್ತ್ರಿಯಕ್ಕನ ಹೊಟ್ಟೆಯ ಕಡೆ ಒಮ್ಮೆ ನೋಡಿದಳು, "ನನ್ನ ಲಾಂಡ್ರಿ ಗತಿ ಏನು? ಇನ್ನೊಬ್ಬರಿಗೂ ಬರಬೇಕು. ಗುಂಡಿ, ನೀನು ಕೂತ್ಕೋ. ಇವಳು ಕಲೆ ತೆಗೀತಾ ತೆಗೀತಾ ಒಂದೊಂದೇ ಹೇಳಿಕೊಡ್ತಾಳೆ, ನೀನು ಅಲುಗಾಡದೆ ನೆನೆಸ್ಕೋ."

"ಅಮ್ಮಾವ್ರೆ, ನಾನು ಬರೆದು ಕೊಡ್ತೀನಿ! ಈಗಲೇ, ಮೂವತ್ತೆರಡೂ!"

"ಬರೆದಿದ್ದು ಏನಾಯ್ತು ಅಂತ ಮಧ್ಯಾಹ್ನ ನೋಡಿದೆನಲ್ಲ. ಲಾಂಡ್ರೀಲಿ ಕಾಗದ ನಂಬಬಾರದು."

"ಎಷ್ಟು ದಿನ ಹೇಳಿಕೊಡಬೇಕು?"

"ಅವನಿಗೆ ಬರೋವರೆಗೆ. ಆಮೇಲೆ ಕುರ್ಚಿ ನಿಂದೇ, ಅದರಲ್ಲಿ ಎರಡು ಮಾತಿಲ್ಲ."

ಗುಂಡಿ ವಿನಯದಿಂದ ಕುರ್ಚಿಯಲ್ಲಿ ಕೂತ, ಕಾಲು ಚಾಚಿದ. ಇಸ್ತ್ರಿಯಕ್ಕ ಅವನ ಪಕ್ಕದಲ್ಲಿ ನಿಂತು, ಹಲ್ಲು ಕಚ್ಚಿಕೊಂಡು, ಒಂದು ಅಂಗಿಯ ಕಾಲರು ಉಜ್ಜುತ್ತಾ "ಒಂದನೇದು, ರಕ್ತಕ್ಕೆ ತಣ್ಣೀರು, ಉಪ್ಪು," ಎಂದಳು. ಗುಂಡಿ ತಲೆಯಾಡಿಸಿ ಕಣ್ಣು ಮುಚ್ಚಿದ. ಹತ್ತು ನಿಮಿಷ ಮಿಸುಕಲಿಲ್ಲ. ಮುಖದ ಮೇಲೆ ಎಳೆಗೂಸಿನ ಶಾಂತಿ ಇತ್ತು. ಆಮೇಲೆ ಒಂದೇ ಕಣ್ಣು ಬಿಟ್ಟ.

"ಯಾವುದಕ್ಕಕ್ಕ ಅದು ಉಪ್ಪು?" ಎಂದ.

ಕುರ್ಚಿಯ ಸುಖ ಕಂಡವನು ಆ ಜನ್ಮದಲ್ಲಿ ಎರಡನೇ ಕಲೆಗೆ ಬರುವುದಿಲ್ಲ ಎಂದು ಆ ಒಂದು ಕಣ್ಣು ನೋಡಿದಾಗಲೇ ಅವಳಿಗೆ ಅರ್ಥವಾಯಿತು.

ಆರೂವರೆಗೆ ಮನೆಯ ತಿರುವಿನಲ್ಲಿ ನಾದಿನಿ ಕಾದು ನಿಂತಿದ್ದಳು. ದೂರದಿಂದಲೇ ಕೂಗಿದಳು, "ಅತ್ತಿಗೇ! ಎಷ್ಟು ಬಂತು?"

"ಮೂವತ್ತೆರಡಕ್ಕೆ ಮೂವತ್ತೆರಡು."

"ನಾನು ಹೇಳಿಲ್ವಾ! ಕುರ್ಚಿ ಸಿಕ್ತು ಅಂತಾಯ್ತು. ನನ್ನ ಶಾಸ್ತ್ರ ಹೇಳಿದ್ದಕ್ಕೆ ಯಜಮಾನ್ತಿ ಏನಂದ್ರು? ಹೇಳಿದ್ರಿ ತಾನೆ?"

ಇಸ್ತ್ರಿಯಕ್ಕ ಚಪ್ಪಲಿಯಿಂದ ಉಕ್ಕುತ್ತಿದ್ದ ಪಾದವನ್ನು ಒಳಕ್ಕೆ ಒತ್ತಿಕೊಂಡಳು. ನಡೆದದ್ದನ್ನು ಹೇಳಿದರೆ ಗಂಡ ಎಷ್ಟು ದಿನ ನಗುತ್ತಾನೆ, ನಾದಿನಿ ಅದಕ್ಕೆ ಯಾವ ಮಾನಸಿಕ ಕಾರಣ ಕೊಡುತ್ತಾಳೆ ಎಂದು ಒಂದು ಕ್ಷಣ ಅಂದಾಜು ಮಾಡಿದಳು. ಕುರ್ಚಿಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ತಾನೇ ಮಾತಿನಲ್ಲಿ ಮಡಿಸಿ, ಇಸ್ತ್ರಿ ಹಾಕಿ, ಗುಂಡಿಯ ಕೈಗೆ ಕೊಟ್ಟಿದ್ದಳು. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇವತ್ತು ಹೋದದ್ದೇ ಸಾಕು. ಇನ್ನು ಇದನ್ನು ಗಂಡನಿಗೂ ಇಲ್ಲ, ನಾದಿನಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು.

"ಯಜಮಾನ್ತಿಗೆ ನಿನ್ನ ಶಾಸ್ತ್ರ ತುಂಬಾ ಹಿಡಿಸ್ತು ಕಣೆ," ಎಂದಷ್ಟೇ ಹೇಳಿ, ಮನೆಯ ಕಡೆ ನಡೆದಳು.